ಪದ ಬೇಕು: ಅಪ್ಪ-ಅಮ್ಮನಲ್ಲಿ ಇಲ್ಲದೆ ಮಗುವಿನಲ್ಲಿ ಕಾಣೋ ‘ಡಿ ನೋವೋ ಮ್ಯುಟೇಶನ್’ಗೆ

ಎಲ್ಲರಿಗೂ ನಮಸ್ಕಾರ. ಅರ್ಜೆಂಟಾಗಿ ಒಂದು ಪದ ಬೇಕಿತ್ತು, ನಾಳೆ ಸಂಜೆ ಪ್ರಿಂಟಿಗೆ ಹೋಗತ್ತೆ. ಮಗುವಿನ ಜೆನೆಟಿಕ್ ಟೆಸ್ಟ್ ರಿಪೋರ್ಟ್ ಬಂದಮೇಲೆ ತಂದೆತಾಯಿ ಕೈಗೆ ಕೊಡೋ 4 ಪುಟದ ಕರಪತ್ರ, ಅನುವಾದ ನಂದು. ಡಿ ನೋವೋ ಮ್ಯುಟೇಶನ್ ಅನ್ನೋದು ಅದರಲ್ಲಿ 11 ಸಲ ಬರತ್ತೆ (ಮ್ಯುಟೇಶನ್ ಅಂದ್ರೆ ಜೀನಿನಲ್ಲಿ ಆಗೋ ಬದಲಾವಣೆ). ಪಠ್ಯದ ‘ಉತ್ಪರಿವರ್ತನೆ’ ಗೊತ್ತು, ‘ನವ ಉತ್ಪರಿವರ್ತನೆ’ ಅಂತ ಹಾಕಿ ನಮ್ಮತ್ತೆಗೆ ಓದಿ ಹೇಳಿದೆ, ಅವರಿಗೆ ಏನೂ ತಲೆಗೆ ಹೋಗ್ಲಿಲ್ಲ.

ಆದ್ರೆ ನನ್ನ ದೊಡ್ಡ ತೊಡಕು ಬೇರೇದು. ‘ಇದು ಜೆನೆಟಿಕ್, ಆದ್ರೆ ಹಿರಿಯರಿಂದ ಬಂದದ್ದಲ್ಲ’ ಅನ್ನೋ ಅರ್ಥದ ಸಾಲೊಂದಿದೆ, ಇಡೀ ಕರಪತ್ರದ ಜೀವವೇ ಅದು. ನಾವು ಎರಡಕ್ಕೂ ‘ಆನುವಂಶಿಕ’ ಅಂತಲೇ ಬರ್ಕೊಂಡು ಬಂದಿದೀವಿ. ಇದು ಆನುವಂಶಿಕ ಆದರೆ ಆನುವಂಶಿಕ ಅಲ್ಲ ಅಂತ ಬರೀಲಾ? ಜೀನಿಗೆ ‘ವಂಶವಾಹಿ’ ಅಂದ್ರೂ ಅದೇ ಕತೆ, ಹೆಸರಲ್ಲೇ ವಂಶ ಕೂತಿದೆ. ನಿಮ್ಮ ಕಡೆಯಿಂದ ಬಂತು, ನಮ್ಮ ಕಡೆ ಯಾರಿಗೂ ಇಲ್ಲ ಅಂತ ಮನೇಲಿ ಮಾತು ಬೆಳೆಯೋದು ಈ ಒಂದು ಪದದಿಂದ. ದಯವಿಟ್ಟು ಹೇಳಿ.

---

ಉತ್ಪರಿವರ್ತನೆ ಬಿಟ್ಟಾಕಿ. ಹಿಂದಿಯವರದ್ದೂ ಅದೇ ಪದ, ನಮ್ಮಲ್ಲಿ ಯಾರ ಬಾಯಲ್ಲೂ ಇಲ್ಲ. ಕೆಡು-ಕೇಡು, ಪಡು-ಪಾಡು, ಹಾಗೇ ಮಾರ್ಪಡು-ಮಾರ್ಪಾಡು. ಕೈಯಲ್ಲೇ ಪದ ಇದೆ. ‘ಹೊಸಮಾರ್ಪಾಡು’ ಅನ್ನಿ, ಮುಗೀತು. ‘ನವಮಾರ್ಪಾಡು’ ಅಂತ ಮಾತ್ರ ಮಾಡ್ಬೇಡಿ, ಸಂಸ್ಕೃತ ಪದಕ್ಕೆ ಕನ್ನಡ ಪದ ಅಂಟಿಸಿದ ಅರಿಸಮಾಸ ಆಗತ್ತೆ.

---

> ಹೊಸಮಾರ್ಪಾಡು

ತಪ್ಪು. ಪ್ರಪಂಚದಲ್ಲಿ ಇದುವರೆಗೆ ಯಾರಲ್ಲೂ ಕಾಣದ್ದು ಅಂತ ಓದ್ಕೋತಾರೆ. ಡಿ ನೋವೋದಲ್ಲಿರೋ ನೋವೋ ನಮ್ಮ ‘ನವ’ದ ದಾಯಾದಿ, ಬೇರು ಒಂದೇ, ಆದ್ರೆ ಲ್ಯಾಟಿನ್ನಿನಲ್ಲಿ ಆ ಎರಡು ಮಾತು ಸೇರಿ ವಿಶೇಷಣ ಆಗಲ್ಲ, ಕ್ರಿಯಾವಿಶೇಷಣ ಆಗತ್ತೆ. ಅಂದ್ರೆ ‘ಹೊಸ’ ಅಲ್ಲ, ‘ಹೊಸದಾಗಿ’. ಈ ‘ಆಗಿ’ ಇಲ್ಲದಿದ್ರೆ ಅರ್ಥವೇ ಬೇರೆ. ಆಕಾಂಡ್ರೋಪ್ಲೇಸಿಯಾ ನೋಡಿ, ಕೈಕಾಲು ಗಿಡ್ಡ ಇರೋ ಸ್ಥಿತಿ, ಅದಿರೋ 10 ಮಕ್ಕಳಲ್ಲಿ ಸುಮಾರು 8 ಮಕ್ಕಳ ತಂದೆತಾಯಿ ಮಾಮೂಲಿ ಎತ್ತರದವರೇ. ಹಾಗಿದ್ರೂ ಹೆಚ್ಚುಕಮ್ಮಿ ಎಲ್ಲರಲ್ಲೂ ಬದಲಾಗಿರೋದು ಎಫ್‌ಜಿಎಫ್‌ಆರ್3 ಅನ್ನೋ ಜೀನಿನ ಅದೇ ಒಂದು ಜಾಗ. ಆ ಮನೆಗೆ ಹೊಸದು, ಪ್ರಪಂಚಕ್ಕೆ ಹಳೇದು. ‘ಹೊಸಮಾರ್ಪಾಡು’ ಇದನ್ನ ಹೇಳಲ್ಲ.

---

ಇಷ್ಟು ಹೊತ್ತಾದ್ರೂ ಯಾರೂ ಕೇಳದ ಪ್ರಶ್ನೆ, ಇದು ಎಷ್ಟು ಜನಕ್ಕೆ ಆಗತ್ತೆ ಅಂತ. ಎಲ್ಲರಿಗೂ ಆಗತ್ತೆ. ಹುಟ್ಟೋ ಪ್ರತಿ ಮಗುವಿನಲ್ಲೂ ಅಪ್ಪ-ಅಮ್ಮ ಇಬ್ಬರಲ್ಲೂ ಇಲ್ಲದ 60-70 ಡಿಎನ್‌ಎ ಅಕ್ಷರ ಬದಲಾವಣೆ ಇರತ್ತೆ, ನನ್ನಲ್ಲೂ ನಿಮ್ಮಲ್ಲೂ ಇವೆ, ಬಹುಪಾಲು ಏನೂ ತೊಂದ್ರೆ ಕೊಡಲ್ಲ, ಎಲ್ಲೋ ಒಂದು ಮುಖ್ಯವಾದ ಜಾಗದಲ್ಲಿ ಬಿದ್ದಾಗ ಮಾತ್ರ ಕಾಯಿಲೆ. ಅದಕ್ಕೇ ‘ವಿಕೃತಿ’, ‘ದೋಷ’ ಎರಡೂ ಬೇಡವೇ ಬೇಡ. ‘ರೂಪಾಂತರ’ ಅಂದ್ರೆ ಕೊರೊನಾ ಕಾಲದ ರೂಪಾಂತರಿ ನೆನಪಾಗಿ ಮಗುಗೆ ವೈರಸ್ ತಗುಲಿದೆ ಅಂದ್ಕೋತಾರೆ.

ಇನ್ನೊಂದು, ಕರಪತ್ರದಲ್ಲಿ ಅಪ್ಪನ ವಯಸ್ಸಿನ ಮಾತು ಬಂದ್ರೆ ಪದ ನೋಡ್ಕೊಂಡು ಹಾಕಿ. ಕೊನೇ ಮಕ್ಕಳಲ್ಲಿ ಆಕಾಂಡ್ರೋಪ್ಲೇಸಿಯಾ ಜಾಸ್ತಿ ಅಂತ ಜರ್ಮನಿಯ ವೈನ್‌ಬರ್ಗ್ 1912ರಲ್ಲೇ ಗಮನಿಸಿದ್ರು. 2012ರಲ್ಲಿ ಐಸ್‌ಲ್ಯಾಂಡಿನ 78 ಕುಟುಂಬಗಳ ಡಿಎನ್‌ಎ ಓದಿದಾಗ ಅಪ್ಪನ ವಯಸ್ಸು ಒಂದು ವರ್ಷ ಜಾಸ್ತಿ ಆದ್ರೆ ಸುಮಾರು 2 ಬದಲಾವಣೆ ಜಾಸ್ತಿ ಅಂತ ಲೆಕ್ಕ ಸಿಕ್ತು. ವೀರ್ಯಾಣು ಮಾಡೋ ಜೀವಕೋಶಗಳು ಗಂಡಸು ಬದುಕಿರೋವರೆಗೆ ಒಡೀತಾನೇ ಇರ್ತವೆ, ಪ್ರತಿ ಸಲ 300 ಕೋಟಿ ಅಕ್ಷರದ ಎರಡು ಪ್ರತಿ ನಕಲಾಗಬೇಕು, ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪತ್ತೆ. ಹೆಂಗಸರಲ್ಲಿ ಅಂಡಾಣು ಮಾಡೋ ಜೀವಕೋಶಗಳು ಅವರು ಹುಟ್ಟೋಕೆ ಮುಂಚೆನೇ ಹೀಗೆ ಒಡೆದು ಹೆಚ್ಚೋದು ನಿಲ್ಲಿಸಿರ್ತವೆ. ಹಾಗಂತ ತಾಯಿ ಮೇಲಿದ್ದ ಆರೋಪ ತೆಗೆದು ತಂದೆ ತಲೆಗೆ ಕಟ್ಟೋ ಹಾಗೆ ಬರೀಬೇಡಿ, ಇದು ಯಾರೂ ಮಾಡಿದ್ದಲ್ಲ.

---

ಜೀನ್ ತಗೊಂಡಾಯ್ತು, ಡಿಎನ್‌ಎ ತಗೊಂಡಾಯ್ತು, ಮ್ಯುಟೇಶನ್ ಒಂದಕ್ಕೆ ಯಾಕೆ ಮಡಿ? ‘ಡಿ ನೋವೋ ಮ್ಯುಟೇಶನ್’ ಅಂತಲೇ ಹಾಕಿ. ರಿಪೋರ್ಟಲ್ಲೂ ಅದೇ ಇರತ್ತೆ, ಡಾಕ್ಟ್ರೂ ಅದನ್ನೇ ಹೇಳ್ತಾರೆ. ಶುದ್ಧ ಕನ್ನಡ ಬೇಕು ಅನ್ನೋರು ‘ರಕ್ತ’ ಬಿಟ್ಟು ‘ನೆತ್ತರು ಪರೀಕ್ಷೆ’ ಅಂತ ಬರೀತಾರಾ?

---

ಬರೀತೀನಿ. ‘ಪರೀಕ್ಷೆ’ನೂ ಬರಿಯಲ್ಲ, ‘ನೆತ್ತರೊರೆ’ ಅಂತೀನಿ. ಎರವಲು ತಗೊಳ್ಳೋದು ತಪ್ಪು ಅಂತ ನಾನು ಯಾವತ್ತೂ ಹೇಳಿಲ್ಲ. ಮನೇಲಿ ಇರೋದನ್ನ ಬಿಟ್ಟು ತರೋದು ತಪ್ಪು. ‘ಮಾರ್ಪಾಡು’ ಇದೆಯಲ್ಲ.

---

‘ಮಾರ್ಪಾಡು’ ಅಂದ್ರೆ ಯಾರೋ ಕೂತು ತಿದ್ದಿದ್ದು ಅನ್ನೋ ವಾಸನೆ ಇದೆ. ನಿಯಮಕ್ಕೆ ಮಾರ್ಪಾಡು, ಕಾನೂನಿಗೆ ಮಾರ್ಪಾಡು. ತಾನಾಗಿ ಆದದ್ದಕ್ಕೆ ಹೊಂದಲ್ಲ. ಅರಿಸಮಾಸದ ಭಯವೂ ಇಲ್ಲಿ ಯಾಕೋ, ಹಳೆಗನ್ನಡ ವ್ಯಾಕರಣ ಬರೆದ ಕೇಶಿರಾಜನೇ ಬಿರುದಾವಳಿಗೆ ವಿನಾಯ್ತಿ ಕೊಟ್ಟಿದ್ದಾನೆ.

---

ಕರಪತ್ರ ಬಿರುದಾವಳಿ ಅಲ್ಲ.

---

ಪ್ರಶ್ನೆ ಕೇಳಿದವಳು ನಾನೇ. ಎಲ್ಲರಿಗೂ ಥ್ಯಾಂಕ್ಸ್, ‘ಹೊಸದಾಗಿ’ ಅಂದವರಿಗೆ ವಿಶೇಷವಾಗಿ. ಒಂದೇ ಪದ ಮಾಡೋ ಆಸೆ ಬಿಟ್ಟೆ. ಹೀಗೆ ಹಾಕ್ತಿದೀನಿ: ಮೊದಲ ಸಲ ‘ಹೊಸದಾಗಿ ಆದ ಜೀನ್ ಬದಲಾವಣೆ, ರಿಪೋರ್ಟಿನಲ್ಲಿ ಇದನ್ನು ಡಿ ನೋವೋ ಮ್ಯುಟೇಶನ್ ಎಂದು ಬರೆದಿರುತ್ತದೆ’, ಆಮೇಲೆ ಬರೀ ‘ಹೊಸದಾಗಿ ಆದ ಬದಲಾವಣೆ’. ಜೆನೆಟಿಕ್ ಅನ್ನೋ ಕಡೆ ‘ಜೀನ್ ಸಂಬಂಧಿ’. ‘ಆನುವಂಶಿಕ’ ಇನ್ಮೇಲೆ ತಲೆಮಾರಿನಿಂದ ಇಳಿದು ಬಂದದ್ದಕ್ಕೆ ಮಾತ್ರ, ಇದರಲ್ಲಿ ನಾನು ಹಿಂದೆ ಸರಿಯಲ್ಲ. ಮುಖ್ಯ ಸಾಲು: ‘ಇದು ಜೀನ್ ಸಂಬಂಧಿ ಕಾಯಿಲೆ, ಆದರೆ ಆನುವಂಶಿಕವಲ್ಲ. ಈ ಬದಲಾವಣೆ ನಿಮ್ಮಿಬ್ಬರಲ್ಲೂ ಇಲ್ಲ. ಅಂಡಾಣು ಅಥವಾ ವೀರ್ಯಾಣು ತಯಾರಾಗುವಾಗ, ಇಲ್ಲವೇ ಗರ್ಭ ಕಟ್ಟಿದ ಹೊಸದರಲ್ಲಿ, ತಾನಾಗಿ ಆದದ್ದು.’

---

‘ನಿಮ್ಮಿಬ್ಬರಲ್ಲೂ ಇಲ್ಲ’ ತೆಗೀರಿ. ‘ನಿಮ್ಮಿಬ್ಬರ ರಕ್ತದಲ್ಲೂ ಕಾಣಲಿಲ್ಲ’ ಅಂತ ಹಾಕಿ. ಅಪರೂಪಕ್ಕೆ ಅಪ್ಪ-ಅಮ್ಮನಲ್ಲಿ ಒಬ್ಬರ ಅಂಡಾಣು ಅಥವಾ ವೀರ್ಯಾಣು ಮಾಡೋ ಜೀವಕೋಶಗಳಲ್ಲಿ ಒಂದಷ್ಟರಲ್ಲಿ ಅದೇ ಬದಲಾವಣೆ ಇರತ್ತೆ, ರಕ್ತದಲ್ಲಿ ಗೊತ್ತಾಗಲ್ಲ. ಮುಂದಿನ ಮಗುಗೆ ಬರೋ ಸಾಧ್ಯತೆ ತುಂಬ ಕಮ್ಮಿ, ಆದ್ರೆ ಸೊನ್ನೆ ಅಲ್ಲ. ಆ ಪ್ರಶ್ನೆ ಅವರು ಕೇಳೇ ಕೇಳ್ತಾರೆ.