ಲಕ್ಷ ಬಲ್ಬಿನ ಮೇಲೊಂದು ಫ್ಲಾಶ್

ಸೀನ ಹೊಸ ಫೋನ್ ತಗೊಂಡಾಗಿನಿಂದ ನಮಗೆ ನೆಮ್ಮದಿ ಇಲ್ಲ. ಭಾನುವಾರ ಮೈಸೂರು ಅರಮನೆಯ ದೀಪ ನೋಡಿ ಬಂದವನು ಸೀದಾ ಗಿರಿ ಮನೆಗೆ ಬಂದ. ಕಾಫಿ ಕೂಡ ಕೇಳದೆ ಫೋನ್ ಮುಂದೆ ಹಿಡಿದ.

"ಇದೇನೋ, ಎಲ್ಲಿ ಬೆಂಕಿ ಬಿದ್ದಿದ್ದು?" ಎಂದು ಗಾಬರಿಯಾದ ಗಿರಿ.

"ಅರಮನೆ ಕಣೋ! ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು. ಹಾಗೇ ಕಾಣುತ್ತೆ."

"ಗುಮ್ಮಟ ಎಲ್ಲಿ?"

"ಆ ಬಿಳಿ ಇದೆಯಲ್ಲ, ಅದರ ಒಳಗೆ."

ಸುಮಾ ಫೋನ್ ಕಿತ್ತುಕೊಂಡಳು. ಇವಳಿಗೆ ಫೋಟೋ ಬಗ್ಗೆ ನಿಜವಾಗಿ ಗೊತ್ತು. ಅದೇ ತೊಂದರೆ. "ಪಾಪ, ಫೋನ್ ಏನು ಮಾಡುತ್ತೆ? ಫೋಟೋದಲ್ಲಿ ಮುಕ್ಕಾಲು ಪಾಲು ಕಪ್ಪು ಆಕಾಶ. ಕತ್ತಲೆ ಜಾಸ್ತಿ ಇದೆ ಅಂದುಕೊಂಡು ಎಲ್ಲವನ್ನೂ ಬೆಳ್ಳಗೆ ಮಾಡಿದೆ. ದೀಪದ ಮೇಲೆ ಬೆರಳಿಡು. ಪಕ್ಕದಲ್ಲಿ ಪುಟ್ಟ ಸೂರ್ಯ ಬರುತ್ತಲ್ಲ, ಅದನ್ನು ಕೆಳಕ್ಕೆ ಎಳಿ. ಗುಮ್ಮಟ ವಾಪಸ್ ಬರುತ್ತೆ."

"ಬೆಳಕು ಸಾಲಲ್ಲ ಅಂತ ನಾನು ಫ್ಲಾಶ್ ಬೇರೆ ಹಾಕಿದ್ದೆ."

"ಯಾರಿಗೆ?"

"ಅರಮನೆಗೆ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

"ಒಂದು ಲಕ್ಷ ಸಾಲದು ಅಂತ ನಿನ್ನದೂ ಒಂದು ಸೇರಿಸಿದೆಯಾ?" ಎಂದ ಗಿರಿ.

ಫೋನಿನ ಫ್ಲಾಶ್ ಹೋಗೋದು ಮೂರು ನಾಲ್ಕು ಮೀಟರ್, ಅಷ್ಟೇ. ಸೀನನ ಫ್ಲಾಶ್ ಮುಂದೆ ನಿಂತಿದ್ದ ಯಾರೋ ಯಜಮಾನರ ಬೋಳುತಲೆಯವರೆಗೆ ಹೋಗಿ ನಿಂತಿತ್ತು. ಫೋಕಸ್ ಕೂಡ ಅಲ್ಲೇ. ನಿಜ ಹೇಳಬೇಕೆಂದರೆ, ಅಷ್ಟೂ ಫೋಟೋಗಳಲ್ಲಿ ಚೆನ್ನಾಗಿ ಬಂದಿದ್ದು ಅದೊಂದೇ.

"ನೈಟ್ ಮೋಡ್‌ನಲ್ಲಿ ತೆಗೆದಿದ್ದೂ ಇದೆ" ಎಂದು ಸೀನ ಇನ್ನೊಂದು ತೋರಿಸಿದ. ಅದರಲ್ಲಿ ಅರಮನೆ ನಡುಗುತ್ತಿತ್ತು.

"ನೈಟ್ ಮೋಡ್ ಒಂದೇ ಫೋಟೋ ತೆಗೆಯಲ್ಲ ಕಣೋ" ಎಂದಳು ಸುಮಾ. " ಸಾಲಾಗಿ ಹಲವು ತೆಗೆದು ಒಂದರ ಮೇಲೊಂದು ಕೂರಿಸುತ್ತೆ. ಅದಕ್ಕೇ ಕೆಲವು ಸೆಕೆಂಡ್ ಅಲ್ಲಾಡಬೇಡ ಅನ್ನೋದು. ನೀನು ಹೇಗೆ ಹಿಡಿದಿದ್ದೆ?"

"ಒಂದು ಕೈಯಲ್ಲಿ. ಇನ್ನೊಂದರಲ್ಲಿ ಚುರುಮುರಿ ಇತ್ತು."

ಗಿರಿಗೆ ಇದೇ ಬೇಕಿತ್ತು. ತನ್ನ ದೊಡ್ಡ ಕ್ಯಾಮೆರಾ ತಂದ. "ಟ್ರೈಪಾಡ್, ಬೆಳಕಿನ ಸೂಕ್ಷ್ಮತೆ ಐಎಸ್ಒ 100, ಲೆನ್ಸಿನ ಕಿಂಡಿ ಎಫ್ 8, ಶಟರ್ ತೆರೆದಿರೋದು ಎರಡು ಸೆಕೆಂಡ್. ಬಟನ್ ಒತ್ತಿದರೂ ಅಲ್ಲಾಡುತ್ತೆ, ಅದಕ್ಕೆ ಟೈಮರ್. ನೋಡಿ ಕಲಿ." ನೋಡಿದೆವು. ಅರಮನೆಯ ಒಂದೊಂದು ಕಮಾನೂ ಸ್ಪಷ್ಟ. ಮುಂದೆ ನಿಂತಿದ್ದ ಅವನ ಹೆಂಡತಿ, ಮಕ್ಕಳು ಮಾತ್ರ ಬರೀ ಹೊಗೆ.

"ಎರಡು ಸೆಕೆಂಡ್ ಮಕ್ಕಳು ನಿಲ್ತಾರಾ?" ಎಂದಳು ಸುಮಾ. "ಇಲ್ಲಿ ಫ್ಲಾಶ್ ಹಾಕಬೇಕಿತ್ತು. ಹಿಂದಿನ ಅರಮನೆಗೆ ನಿಧಾನದ ಶಟರ್, ಹತ್ತಿರ ಇರೋರಿಗೆ ಫ್ಲಾಶ್."

"ಫ್ಲಾಶ್!" ಎಂದು ಸೀನ ಎದ್ದೇ ನಿಂತ.

"ಕೂತ್ಕೋ. ಇಬ್ಬರದ್ದೂ ಆಕಾಶ ನೋಡಿ, ಕರ್ರಗಿದೆ. ಡಿಸೆಂಬರ್‌ನಲ್ಲಿ ಇಲ್ಲಿ 6 ಗಂಟೆಗೇ ಸೂರ್ಯ ಮುಳುಗ್ತಾನೆ. ಭಾನುವಾರ ಅರಮನೆ ದೀಪ ಹತ್ತೋದು 7ಕ್ಕೆ. ಅಷ್ಟರಲ್ಲಿ ಎಲ್ಲ ಮುಗಿದಿರುತ್ತೆ. ಮೇ ಕೊನೆಯಲ್ಲಿ ಹೋಗಿ. ಸೂರ್ಯ ಮುಳುಗೋದೇ ಮುಕ್ಕಾಲು ಗಂಟೆ ತಡ. 7ಕ್ಕೆ ದೀಪ ಬಂದಾಗ ಆಕಾಶ ಇನ್ನೂ ಕಡುನೀಲಿ. ಹಳದಿ ಬಲ್ಬಿಗೆ ಆ ನೀಲಿ ಎಷ್ಟು ಚೆನ್ನಾಗಿ ಹೊಂದುತ್ತೆ ಗೊತ್ತಾ? ಗುಮ್ಮಟದ ಅಂಚೂ ಕಾಣುತ್ತೆ. ಹತ್ತು ಹದಿನೈದು ನಿಮಿಷದ ಆಟ, ಆಮೇಲೆ ಚುರುಮುರಿ ತಿನ್ನಿ."

ನನ್ನ ಮತವೂ ಇದಕ್ಕೇ. ಟ್ರೈಪಾಡ್, ಲೆನ್ಸ್ ಎಲ್ಲ ಆಮೇಲೆ. ಮೊದಲು ಪಂಚಾಂಗ ನೋಡಿ ಹೊರಡಬೇಕು.

"ಒಂದು ಫೋಟೋಗೆ ಮೇ ತನಕ ಕಾಯಬೇಕಾ?" ಎಂದು ಸೀನ ರೇಗಿದ.

"ಕಾಯಿ. ಫೋನಿನ ಇಎಂಐ ಅಲ್ಲಿವರೆಗೂ ಇರುತ್ತಲ್ಲ" ಎಂದ ಗಿರಿ.

"ಸರಿ, ಅರಮನೆ ಬೇಡ. ಚಾಮುಂಡಿ ಬೆಟ್ಟಕ್ಕೆ ಹೋಗಿ ಚಂದ್ರನ್ನ ತೆಗೀತೀನಿ. ಅದಕ್ಕಂತೂ ರಾತ್ರಿ ಬೇಕಲ್ಲ?"

ಸುಮಾ ತಲೆ ಅಲ್ಲಾಡಿಸಿದಳು. "ಚಂದ್ರನ ಮೇಲೆ ಬಿದ್ದಿರೋದು ಬಿಸಿಲು ಕಣೋ. ಹಗಲಿನ ಸೆಟ್ಟಿಂಗೇ ಬೇಕು. ಐಎಸ್ಒ 100, ಎಫ್ 11, ಸೆಕೆಂಡಿನ ನೂರನೇ ಒಂದು ಭಾಗ. ಇಲ್ಲದಿದ್ದರೆ ಬರೀ ಬಿಳಿ ಚುಕ್ಕೆ. ಹುಣ್ಣಿಮೆ ದಿನ ಸಂಜೆ ಬೆಳಕಿರುವಾಗಲೇ ಹುಟ್ಟುತ್ತಾನೆ, ಆಗಲೇ ತೆಗೆದುಬಿಡು."

ಸೀನನ ಮುಖ ಬಾಡಿತು. "ರಾತ್ರಿ ಫೋಟೋ ಚೆನ್ನಾಗಿ ಬರುತ್ತೆ ಅಂತಲೇ ಈ ಫೋನ್ ತಗೊಂಡಿದ್ದು ಕಣ್ರೋ. ಅರಮನೆಗೂ ಸಂಜೆ, ಚಂದ್ರನಿಗೂ ಸಂಜೆ. ಹಾಗಾದ್ರೆ ರಾತ್ರಿ ನಾನು ಏನು ಮಾಡ್ಲಿ?"

"ಚಾರ್ಜಿಗೆ ಹಾಕಿ ಮಲಗು" ಎಂದಳು ಸುಮಾ.