ಸ್ಮೋಕರ್ ಮಾಡಿಸ್ತಿದೀನಿ: ನಿಂತ ಡ್ರಮ್ಮೋ, ಮಲಗಿಸಿದ ಡ್ರಮ್ಮೋ?

ತೋಟದ ಮನೆ ಅಂಗಳಕ್ಕೆ ಒಂದು ಸ್ಮೋಕರ್ ಬೇಕು, ಅಂದ್ರೆ ಮಾಂಸವನ್ನು ಹೊಗೆಯಲ್ಲಿ ನಿಧಾನಕ್ಕೆ ಬೇಯಿಸೋ ಗೂಡು. 200 ಲೀಟರಿನ ಡ್ರಮ್ ಎರಡಿವೆ. ನಿಲ್ಲಿಸಿ ತಳದಲ್ಲಿ ಕೆಂಡ ಇಡೋದಾ, ಇಲ್ಲ ಮಲಗಿಸಿ ಪಕ್ಕಕ್ಕೊಂದು ಬೆಂಕಿಗೂಡು ವೆಲ್ಡ್ ಮಾಡಿಸೋದಾ? ಹತ್ತು ಜನಕ್ಕೆ ಹಂದಿ, ಕೋಳಿ ಆದ್ರೆ ಸಾಕು. ಮಾಡಿ ನೋಡಿದವರು ಹೇಳಿ.

ಸಕಲೇಶಪುರದಿಂದ:

ಎರಡನ್ನೂ ಮಾಡಿಸಿದೀನಿ ಸರ್. ನಿಮ್ಮ ಮೊದಲನೇದು ನಿಂತ ಡ್ರಮ್ಮೇ ಆಗಲಿ.

ನಾನು ಶುರು ಮಾಡಿದ್ದು ಮಲಗಿಸಿದ್ದರಿಂದ. ಟೆಕ್ಸಾಸಿನವರ ವಿಡಿಯೋ ನೋಡಿ ಆಸೆಪಟ್ಟು ಮಾಡಿಸಿದ್ದು. ಅವರು ಬಳಸೋದು 6 ಎಂಎಂ ದಪ್ಪದ ಕಬ್ಬಿಣ, ನಮ್ಮ ಡ್ರಮ್ಮಿನ ತಗಡು 1 ಎಂಎಂ ಆಸುಪಾಸು. ಸ್ವಲ್ಪ ಗಾಳಿ ಬೀಸಿದ್ರೂ ಶಾಖ ಇಳಿದುಹೋಗುತ್ತೆ. ಬೆಂಕಿಗೂಡಿನ ಪಕ್ಕದ ತುಂಡು ಕರಕಲು, ಚಿಮಣಿ ಕಡೆಯದು ಹಸಿ. ಅರ್ಧ ಗಂಟೆಗೊಂದು ಸೌದೆ ಇಡ್ತಾ ರಾತ್ರಿಯಿಡೀ ಕೂತಿದ್ದೆ.

ನಿಂತ ಡ್ರಮ್ಮಿನಲ್ಲಿ ಬೆಂಕಿ ಆಡೋದು ಗಾಳಿ ಬಿಟ್ಟಷ್ಟೇ. ತಳದಿಂದ 2 ಇಂಚು ಮೇಲೆ ಸುತ್ತ ನಾಲ್ಕು ತೂತು, ಮುಕ್ಕಾಲು ಇಂಚಿನವು. ಮೂರಕ್ಕೆ ಮುಚ್ಚಳ, ಒಂದಕ್ಕೆ ಗಾಳಿ ಹೆಚ್ಚುಕಮ್ಮಿ ಮಾಡೋಕೆ ಬಾಲ್ ವಾಲ್ವ್. ಡ್ರಮ್ಮಿನ ಮೇಲಿನ ಮುಚ್ಚಳದಲ್ಲಿ ಹೊಗೆ ಹೋಗೋಕೆ 2 ಇಂಚಿನ ತೂತು, ಅದನ್ನು ಯಾವತ್ತೂ ಪೂರ್ತಿ ತೆಗೆದೇ ಇಡಿ. ಇದ್ದಿಲ ಬುಟ್ಟಿಗೆ ಕಾಲು ಕೊಡಿಸಿ, ಬೂದಿ ಕೆಳಗೆ ಬೀಳಬೇಕು. ಕೆಂಡಕ್ಕೂ ಮಾಂಸದ ಜಾಲರಿಗೂ ಎರಡು ಅಡಿ ಅಂತರ ಇರಲಿ. ಇದನ್ನು ಮಾತ್ರ ಕಡಿಮೆ ಮಾಡಬೇಡಿ, ಬುಡ ಸೀಯುತ್ತೆ.

ಡ್ರಮ್ಮಿನಲ್ಲಿ ಮೊದಲು ಏನಿತ್ತು ಅಂತ ವಿಚಾರಿಸಿ. ತೋಟದ ಔಷಧಿಯದ್ದಾದ್ರೆ ಬೇಡವೇ ಬೇಡ. ಅಡುಗೆ ಎಣ್ಣೆ ಬಂದಿದ್ದು ಸಿಕ್ಕರೆ ಒಳ್ಳೇದು. ಆಗಲೂ ಒಳಗಿನ ಲೇಪ ಹೋಗೋವರೆಗೆ ಸೌದೆ ತುಂಬಿ ಜೋರಾಗಿ ಉರಿಸಿ, ತಂತಿ ಬ್ರಷ್ಷಿನಿಂದ ಬರಿ ಕಬ್ಬಿಣ ಕಾಣೋ ಹಾಗೆ ಉಜ್ಜಿ. ಜಾಲರಿ, ಬುಟ್ಟಿಗೆ ಜಿಐ, ಅಂದ್ರೆ ಸತು ಲೇಪಿಸಿದ ಕಬ್ಬಿಣ ಹಾಕಬೇಡಿ, ಕಾದ ಸತುವಿನ ಹೊಗೆ ವಿಷ. ಡ್ರಮ್ ಸೀಲ್ ಆಗಿದ್ರೆ ಗ್ರೈಂಡರ್ ತಾಗಿಸೋ ಮೊದಲು ನೀರು ತುಂಬಿಸಿ ಖಾಲಿ ಮಾಡಿ. ಒಳಗೆ ಆವಿ ಉಳಿದಿದ್ರೆ ಸಿಡಿಯುತ್ತೆ.

ಇದ್ದಿಲೆಲ್ಲ ಒಟ್ಟಿಗೆ ಹೊತ್ತಿಸಬೇಡಿ. 5 ಕೆಜಿ ತುಂಬಿ, ಹತ್ತು ಹದಿನೈದು ಕೆಂಡ ಮಾತ್ರ ಮೇಲೆ ಇಡಿ, ನಿಧಾನಕ್ಕೆ ಇಳಿಯುತ್ತೆ. ಜೊತೆಗೆ ಒಣಗಿದ ಕಾಫಿ ಬೊಡ್ಡೆ, ಇಲ್ಲ ಸೀಬೆ ಕೊಂಬೆ ಎರಡು ತುಂಡು. ನೀಲಗಿರಿ ಬೇಡ. ದಟ್ಟ ಬಿಳಿ ಹೊಗೆ ಇರೋವರೆಗೂ ಮಾಂಸ ಇಡಬೇಡಿ, ಕಹಿಯಾಗುತ್ತೆ. ಹೊಗೆ ಕಂಡೂ ಕಾಣದ ಹಾಗೆ ತೆಳ್ಳಗೆ ನೀಲಿಯಾಗಲಿ.

ಡ್ರಮ್ಮಿನೊಳಗಿನ ಶಾಖ 110ರಿಂದ 130 ಡಿಗ್ರಿ ಸೆಲ್ಸಿಯಸ್ ನಡುವೆ ಇರೋ ಹಾಗೆ ವಾಲ್ವ್ ನಿಲ್ಲಿಸಿ. ಹಂದಿ ಭುಜದ ತುಂಡಿನ ಒಳಗಿನ ಶಾಖ 70ರ ಹತ್ತಿರ ಬಂದು ಗಂಟೆಗಟ್ಟಲೆ ಅಲ್ಲೇ ನಿಲ್ಲುತ್ತೆ. ಮೊದಲ ಸಲ ನಾನು ಬೆಂಕಿ ಆರಿತೇನೋ ಅಂತ ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ತೆಗೀತಿದ್ದೆ. ತೆಗೆದಷ್ಟೂ ಕೆಂಡ ಗಾಳಿ ಕುಡಿದು ಕೆರಳುತ್ತೆ. ಮಾಂಸ ಬೆವರಿ ತಣಿಯೋದರಿಂದ ಶಾಖ ಹಾಗೆ 70ರಲ್ಲಿ ನಿಲ್ಲೋದು. ಮುಟ್ಟದೆ ಬಿಡಿ. 93 ದಾಟಿದ ಮೇಲೆ ಮೂಳೆ ಹಿಡಿದು ತಿರುಗಿಸಿ, ಒಣಗಿದ ಸೋಗೆಯಿಂದ ಕಡ್ಡಿ ಬಂದ ಹಾಗೆ ಕಳಚಿ ಕೈಗೆ ಬರುತ್ತೆ.

ಮಡಿಕೇರಿಯಿಂದ:

ಅಣ್ಣ ಹೇಳಿದ್ದು ಸರಿ. ನಮ್ಮಲ್ಲಿ ಮಳೆ ಜಾಸ್ತಿ ಅಂತ ನಾನು ಕೊನೆಗೆ ಸೂರಿನಡಿ ಇಟ್ಟಿಗೆಯದ್ದು ಕಟ್ಟಿಸಿದೆ. ಕಾಯೋಕೆ ಒಂದೂವರೆ ಗಂಟೆ ಬೇಕು, ಕಾದ ಮೇಲೆ ಶಾಖ ಅಲ್ಲಾಡಲ್ಲ. ಆದ್ರೆ ಜಾಗ ಬದಲಿಸೋಕಾಗಲ್ಲ, ಮೊದಲು ಡ್ರಮ್ಮಿನಲ್ಲೇ ಕೈ ಪಳಗಿಸಿ.

ಒಂದು ಮಾತು. ಒಲೆ ಮೇಲೆ ತೂಗು ಹಾಕ್ತಿದ್ದ ಒಣ ಹಂದಿಮಾಂಸವನ್ನು ಇದರಲ್ಲಿ ಮಾಡೋಕೆ ಹೋಗಬೇಡಿ. ಅದು ಉಪ್ಪು ಹಿಡಿದು ದಿನಗಟ್ಟಲೆ ಒಣಗೋದು, ಇದು ಅವತ್ತೇ ಬೇಯೋದು. ಉಪ್ಪಿಲ್ಲದ ಮಾಂಸ ಬರೀ ಬೆಚ್ಚನೆ ಹೊಗೆಯಲ್ಲಿ ಕೂತರೆ ಕೆಡುತ್ತೆ.

ಮತ್ತೆ, ಪ್ರತಿ ಸಲವೂ ಬೂದಿ ತೆಗೀರಿ. ಒದ್ದೆ ಬೂದಿ ತಗಡು ತಿನ್ನುತ್ತೆ, ನನ್ನ ಮೊದಲ ಡ್ರಮ್ಮಿನ ತಳ ಎರಡನೇ ಮಳೆಗಾಲಕ್ಕೇ ಉದುರಿತ್ತು.