ತೋಳಿನ ಮೂಳೆಗೆ ಪ್ಲೇಟ್ ಹಾಕಿದ ರೋಗಿಗಳು: ಡ್ಯಾಶ್ ಪ್ರಶ್ನಾವಳಿಯಲ್ಲಿ ಖಾಲಿ ಉಳಿಯುವ ಉತ್ತರಗಳು

ಸ್ನಾತಕೋತ್ತರ ವಿದ್ಯಾರ್ಥಿ, ದಾವಣಗೆರೆ:
ಮಾನ್ಯರೇ, ತೋಳಿನ ಮೂಳೆಯ ಮೇಲ್ಭಾಗ ಮುರಿದು ಲಾಕಿಂಗ್ ಪ್ಲೇಟ್ (ಸ್ಕ್ರೂಗಳು ಭದ್ರವಾಗಿ ಕಚ್ಚಿಕೊಳ್ಳುವ ಲೋಹದ ಪಟ್ಟಿ) ಹಾಕಿಸಿಕೊಂಡವರ ಚೇತರಿಕೆಯ ಬಗ್ಗೆ ಪ್ರಬಂಧ ಸಿದ್ಧಪಡಿಸುತ್ತಿದ್ದೇನೆ. ಎಕ್ಸ್‌ರೇಯಲ್ಲಿ ಮೂಳೆ ಕೂಡಿದ್ದರೂ ಕೈ ಮೇಲೇಳದ ರೋಗಿಗಳಿರುವುದರಿಂದ, ಭುಜ, ತೋಳು, ಕೈಯ ತೊಂದರೆಯನ್ನು ರೋಗಿಯೇ ಗುರುತಿಸುವ 30 ಪ್ರಶ್ನೆಗಳ ಡ್ಯಾಶ್ (DASH) ನಮೂನೆಯನ್ನೂ ತುಂಬಿಸುತ್ತಿದ್ದೇನೆ. ನಮ್ಮಲ್ಲಿಗೆ ಬರುವವರಲ್ಲಿ ಬಹುಪಾಲು ಜಗಳೂರು, ಚನ್ನಗಿರಿ ಕಡೆಯ ಕೃಷಿಕರು. ಆಟ, ಮನರಂಜನೆಗೆ ಸಂಬಂಧಿಸಿದ ಮೂರು ಪ್ರಶ್ನೆಗಳಿಗೆ "ಅವೆಲ್ಲ ನಮಗೆಲ್ಲಿ ಸಾರ್" ಎಂದು ನಕ್ಕು ಬಿಡುತ್ತಾರೆ; ದಾಂಪತ್ಯದ ಪ್ರಶ್ನೆಯನ್ನು ಹೆಚ್ಚಿನವರು ಹಾಗೆಯೇ ಬಿಡುತ್ತಾರೆ. ಕನಿಷ್ಠ 27 ಉತ್ತರಗಳಿಲ್ಲದಿದ್ದರೆ ಅಂಕವನ್ನೇ ಲೆಕ್ಕ ಹಾಕುವಂತಿಲ್ಲ. ಖಾಲಿ ಜಾಗಗಳಿಗೆ "ತೊಂದರೆಯಿಲ್ಲ" ಎಂದು 1 ಹಾಕಬಹುದೇ?

ಮೂಳೆ ಶಸ್ತ್ರಚಿಕಿತ್ಸಕ, ಚಿತ್ರದುರ್ಗ:
ಖಂಡಿತ ಹಾಕಬೇಡಿ. ಪ್ರತಿ ಪ್ರಶ್ನೆಯ 1ರಿಂದ 5ರವರೆಗಿನ ಉತ್ತರಗಳಿಂದ ಲೆಕ್ಕ ಹಾಕುವ ಡ್ಯಾಶ್‌ನ ಒಟ್ಟು ಅಂಕದಲ್ಲಿ 0 ಎಂದರೆ ಯಾವ ಅಡಚಣೆಯೂ ಇಲ್ಲ, 100 ಎಂದರೆ ಪೂರ್ಣ ಅಡಚಣೆ. ನೀವು ತುಂಬುವ ಪ್ರತಿ 1 ಕೂಡ ರೋಗಿಯನ್ನು ಇರುವುದಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಕಳೆದ ವಾರ ಆ ಕೆಲಸ ಮಾಡುವ ಸಂದರ್ಭ ಬಾರದಿದ್ದರೆ ಅಂದಾಜಿನಿಂದ ಉತ್ತರಿಸಬೇಕೆಂದು ನಮೂನೆಯೇ ಹೇಳುತ್ತದೆ, ಆದರೆ ಎಂದೂ ಆಡದ ಆಟದ ಬಗ್ಗೆ ಯಾರು ಏನೆಂದು ಅಂದಾಜಿಸಿಯಾರು? ಬದಲಿಗೆ ಅದರ ಚಿಕ್ಕ ರೂಪವಾದ, 11 ಪ್ರಶ್ನೆಗಳ ಕ್ವಿಕ್‌ಡ್ಯಾಶ್ ಬಳಸಿ. ಅದರಲ್ಲಿ ದಾಂಪತ್ಯದ ಪ್ರಶ್ನೆಯಿಲ್ಲ, ಮನರಂಜನೆಯದು ಒಂದೇ, ಮತ್ತು ಒಂದು ಉತ್ತರ ಖಾಲಿಯಿದ್ದರೂ ಅಂಕ ಸಿಂಧುವಾಗುತ್ತದೆ.

ಇನ್ನೊಂದು ಮಾತು. ಮೂಳೆ ಕೂಡಿಯೂ ಕೈ ಏಳದಿದ್ದರೆ ಅಂಕ ಬರೆದು ಮುಂದಕ್ಕೆ ಹೋಗಬೇಡಿ. ಮೂಳೆಯ ತಲೆ (ಭುಜದ ಕೀಲಿನಲ್ಲಿರುವ ಗುಂಡನೆಯ ತುದಿ) ಒಳಮುಖವಾಗಿ ಕುಸಿದಿದೆಯೇ, ಸ್ಕ್ರೂ ಕೀಲಿನೊಳಗೆ ಚುಚ್ಚಿಕೊಂಡಿದೆಯೇ ಎಂದು ಎಕ್ಸ್‌ರೇಯನ್ನು ಮತ್ತೊಮ್ಮೆ ನೋಡಿ.

ಫಿಸಿಯೋಥೆರಪಿಸ್ಟ್, ದಾವಣಗೆರೆ:
ಸರ್ ಹೇಳಿದ್ದಕ್ಕೆ ಸೇರಿಸುತ್ತೇನೆ. ಕೆಲಸ ಯಾವ ಕೈಯಿಂದ ಆಯಿತೆಂಬುದನ್ನು ಡ್ಯಾಶ್ ಆಗಲಿ ಕ್ವಿಕ್‌ಡ್ಯಾಶ್ ಆಗಲಿ ಲೆಕ್ಕಿಸುವುದಿಲ್ಲ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರು ಎಡಗೈಯಲ್ಲೇ ಎಲ್ಲ ನಿಭಾಯಿಸಲು ಕಲಿತಿದ್ದರೆ, ಪ್ಲೇಟ್ ಹಾಕಿದ ಬಲಗೈ ಬಿಗಿದುಕೊಂಡಿದ್ದರೂ ಅಂಕ ಚೆನ್ನಾಗಿಯೇ ಬರುತ್ತದೆ. ಆದ್ದರಿಂದ ಆ ಭುಜವನ್ನೇ ಪರೀಕ್ಷಿಸುವ ಕಾನ್‌ಸ್ಟಂಟ್ ಅಂಕವೂ ಜೊತೆಗಿರಲಿ. ಇದರಲ್ಲಿ ಅಂಕ ಹೆಚ್ಚಿದ್ದಷ್ಟೂ ಭುಜ ಚೆನ್ನಾಗಿದೆ ಎಂದರ್ಥ. ಅದರ 100ರಲ್ಲಿ ನೋವಿಗೆ 15, ದಿನನಿತ್ಯದ ಕೆಲಸಗಳಿಗೆ 20, ಚಲನೆಗೆ 40, ಬಲಕ್ಕೆ 25. ತೋಳನ್ನು ಪಕ್ಕಕ್ಕೆ 90 ಡಿಗ್ರಿಯವರೆಗೆ ಎತ್ತಲಾಗದಿದ್ದರೆ ಬಲಕ್ಕೆ 0 ಎಂದೇ ಬರೆಯಬೇಕು.

ಚಲನೆಯನ್ನು ಕಣ್ಣಳತೆಯಲ್ಲಿ ಬರೆಯುವ ಅಭ್ಯಾಸ ನಮ್ಮಲ್ಲಿ ಹೆಚ್ಚು. ದಯವಿಟ್ಟು ಕೀಲಿನ ಕೋನ ಅಳೆಯುವ ಗೋನಿಯೋಮೀಟರ್ ಹಿಡಿಯಿರಿ. ತುರುಬು ಕಟ್ಟಿ ತೋರಿಸಿ ಎಂದಾಗ ಹಲವರು ಭುಜವನ್ನು ಕಿವಿಯತ್ತ ಏರಿಸಿ, ಸೊಂಟವನ್ನು ವಾಲಿಸಿ, ತಲೆಯನ್ನೇ ಕೈಯ ಹತ್ತಿರಕ್ಕೆ ತರುತ್ತಾರೆ. ಮುಂದೆ ಕುಳಿತು ನೋಡಿದರೆ ಕೈ ಎತ್ತಿದಂತೆಯೇ ಕಾಣುತ್ತದೆ, ಹಿಂದೆ ನಿಂತು ಹೆಗಲೆಲುಬನ್ನು ಗಮನಿಸಿದರೆ ಮಾತ್ರ ನಿಜ ತಿಳಿಯುತ್ತದೆ. ವಯಸ್ಸಾದವರಲ್ಲಿ ಹೋಲಿಕೆಗಾಗಿ ಆರೋಗ್ಯವಾಗಿರುವ ಇನ್ನೊಂದು ತೋಳಿನ ಅಂಕವನ್ನೂ ಪಕ್ಕದಲ್ಲೇ ಬರೆದಿಡಿ.

ಸ್ನಾತಕೋತ್ತರ ವಿದ್ಯಾರ್ಥಿ, ದಾವಣಗೆರೆ:
ಇಬ್ಬರಿಗೂ ಧನ್ಯವಾದಗಳು. ಈಗಾಗಲೇ ತುಂಬಿಸಿರುವ 30 ಪ್ರಶ್ನೆಗಳ ನಮೂನೆಗಳನ್ನು ಕೈಬಿಡಬೇಕಾಗುತ್ತದೆಯೇ?

ಮೂಳೆ ಶಸ್ತ್ರಚಿಕಿತ್ಸಕ, ಚಿತ್ರದುರ್ಗ:
ಬೇಕಿಲ್ಲ. ಕ್ವಿಕ್‌ಡ್ಯಾಶ್‌ನ 11 ಪ್ರಶ್ನೆಗಳೂ ಆ 30ರಿಂದಲೇ ಆಯ್ದವು. ಹಳೆಯ ನಮೂನೆಗಳಿಂದ ಆ ಉತ್ತರಗಳನ್ನಷ್ಟೇ ತೆಗೆದು ಅಂಕ ಲೆಕ್ಕ ಹಾಕಿ, ಹಾಗೆ ಮಾಡಿರುವುದನ್ನು ಪ್ರಬಂಧದ ವಿಧಾನ ಭಾಗದಲ್ಲಿ ಸ್ಪಷ್ಟವಾಗಿ ನಮೂದಿಸಿ.